ಮೂಗಿಗೆ ಹಿಡಿದು ನೋಡದ ಗುಲಾಬಿ

ಯಾರ ಕೈಗೆ ಗುಲಾಬಿ ಕೊಟ್ಟರೂ ಮೊದಲು ಅದು ಹೋಗುವುದು ಮೂಗಿನ ಹತ್ತಿರ. ಮದುವೆ ಹಾಲಿನ ಬಾಗಿಲಲ್ಲಿ ತಟ್ಟೆಯಲ್ಲಿಟ್ಟು ಕೊಡುವ ಡಚ್ ರೋಸ್ ಇರ್ತದಲ್ಲ, ಅದಕ್ಕೂ ಹೀಗೆಯೇ. ಅದರಲ್ಲಿ ಪರಿಮಳ ಇಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಕೈ ತಾನಾಗಿ ಮೇಲೆ ಹೋಗುತ್ತದೆ. ಒಮ್ಮೆ ಮೂಸಿ, ಏನೂ ಸಿಗದೆ, ಹೂವನ್ನು ಕೆಳಗಿಳಿಸಿ ಊಟದ ಸಾಲು ಎಲ್ಲಿದೆ ಎಂದು ನೋಡುತ್ತಾರೆ. ನಾನು ಇದನ್ನು ಗಮನಿಸಲು ಶುರು ಮಾಡಿದ್ದು ನನಗೇ ಒಂದು ಪೆಟ್ಟು ಬಿದ್ದ ಮೇಲೆ.

ಆರು ವರ್ಷದ ಹಿಂದಿನ ಡಿಸೆಂಬರ್. ಮಂಗಳೂರಿನ ಕುಲಶೇಖರದ ನಮ್ಮ ಮನೆಯ ಟೆರೇಸಿನಲ್ಲಿ ನನ್ನ ಮೊದಲ ಇಂಗ್ಲಿಷ್ ರೋಸ್ ಅರಳಿತ್ತು. ಆನ್‌ಲೈನಿನಲ್ಲಿ ತರಿಸಿದ ಗಿಡ. ಫೋಟೋದಲ್ಲಿ ಹೇಗಿತ್ತೋ ಹಾಗೆಯೇ ಹೂವು: ಬಟ್ಟಲಿನಂತೆ ದುಂಡಗೆ, ಒಳಗೆ ಒತ್ತೊತ್ತಾಗಿ ಎಸಳು, ಹೊರಗೆ ಕೆನೆಯ ಬಣ್ಣ, ನಡುವಿಗೆ ಬಂದಂತೆ ಗುಲಾಬಿ. ಉಡುಪಿಯಿಂದ ಚಿಕ್ಕಮ್ಮ ಬಂದಿದ್ದರು. ಮಂಡಿನೋವಿದ್ದರೂ ಅವರನ್ನು ಮೆಟ್ಟಿಲು ಹತ್ತಿಸಿ ಕರೆದುಕೊಂಡು ಹೋದೆ. ಅವರು ಬಾಗಿ ಮೂಸಿದರು. ಇನ್ನೊಮ್ಮೆ ಮೂಸಿದರು. ನೆಟ್ಟಗೆ ನಿಂತು ‘ಚಂದ ಉಂಟು’ ಅಂದರು. ಅಷ್ಟೇ. ಸಾರಿಗೆ ಉಪ್ಪು ಕಡಿಮೆಯಾದಾಗ ನೆಂಟರು ‘ಬಿಸಿಬಿಸಿ ಉಂಟು’ ಅನ್ನುತ್ತಾರಲ್ಲ, ಅದೇ ದನಿ.

ಅವರು ಕೆಳಗಿಳಿದ ಮೇಲೆ ನಾನೂ ಮೂಸಿದೆ. ನಿಜವಾಗಿ ಏನೂ ಇರಲಿಲ್ಲ. ಹಸಿ ಎಲೆಯದ್ದೊಂದು ತೆಳು ವಾಸನೆ, ಅದೂ ಎಲೆಯದ್ದೇ ಇರಬೇಕು. ನಾಚಿಕೆಯ ವಿಷಯ ಏನೆಂದರೆ, ಹೂ ಅರಳಿ ಎರಡು ದಿನ ಆಗಿತ್ತು, ಮೂವತ್ತು ಫೋಟೋ ತೆಗೆದಿದ್ದೆ, ಎಲ್ಲರಿಗೂ ಕಳಿಸಿದ್ದೆ, ಆದರೆ ಮೂಸಿ ನೋಡಿರಲಿಲ್ಲ. ಆಮೇಲೆ ಹುಡುಕಿ ನೋಡಿದಾಗ ಗೊತ್ತಾಯಿತು, ಅದು ಇಂಗ್ಲಿಷೂ ಅಲ್ಲ. ‘ಪಿಯರ್ ದ ರೊನ್ಸಾರ್’ ಎಂಬ ಫ್ರೆಂಚ್ ಗುಲಾಬಿ. ‘ಈಡನ್’ ಎಂದೂ ಕರೆಯುತ್ತಾರೆ. ಜಗತ್ತಿನಲ್ಲೇ ಹೆಸರು ಮಾಡಿದ ಹೂವು, ನೋಟಕ್ಕೆ ಹಳೆಯ ಕಾಲದ ಗುಲಾಬಿಯ ತದ್ರೂಪ, ಪರಿಮಳ ಮಾತ್ರ ಅಷ್ಟಕ್ಕಷ್ಟೆ. ಮಾರಿದವರು ಚೀಟಿಯಲ್ಲಿ ‘ಇಂಗ್ಲಿಷ್ ರೋಸ್, ಪರಿಮಳದ್ದು’ ಎಂದು ಬರೆದಿದ್ದರು. ನಮ್ಮಲ್ಲಿ ಒತ್ತೊತ್ತು ಎಸಳಿನ ಯಾವ ಗುಲಾಬಿ ಬಂದರೂ ಅದು ‘ಇಂಗ್ಲಿಷ್’. ಜಪಾನಿನದ್ದಾದರೂ ಇಂಗ್ಲಿಷ್, ಜರ್ಮನಿಯದ್ದಾದರೂ ಇಂಗ್ಲಿಷ್. ಫೋಟೋ ನೋಡಿ ಒಪ್ಪಿಕೊಂಡ ಸಂಬಂಧ, ಯಾರನ್ನು ದೂರುವುದು?

ಆದರೂ ಚಿಕ್ಕಮ್ಮನ ಆ ‘ಚಂದ ಉಂಟು’ ನನ್ನನ್ನು ಬಿಡಲಿಲ್ಲ. ಮುಂದಿನ ಐದು ವರ್ಷ ನಾನು ಮಾಡಿದ ಖರ್ಚಿಗೆಲ್ಲ ಆ ಎರಡು ಪದವೇ ಕಾರಣ.

ಅಲ್ಲಿಯ ಜೂನ್, ಇಲ್ಲಿಯ ಜೂನ್

ಚಿಕ್ಕಮ್ಮನ ತಕರಾರು ಏನಿತ್ತೋ, ಡೇವಿಡ್ ಆಸ್ಟಿನ್ ಎಂಬ ಇಂಗ್ಲೆಂಡಿನ ರೈತನ ಮಗನದ್ದೂ ಹೆಚ್ಚುಕಡಿಮೆ ಅದೇ ಆಗಿತ್ತು. ಅವರ ಕಾಲದ ನರ್ಸರಿಗಳಲ್ಲಿ ಎಲ್ಲಿ ನೋಡಿದರೂ ಹೈಬ್ರಿಡ್ ಟೀ ಗುಲಾಬಿ. ಚೂಪು ಮೊಗ್ಗು, ಉದ್ದ ಕಡ್ಡಿ, ಬೇಕಾದ ಬಣ್ಣ, ವರ್ಷದಲ್ಲಿ ಹಲವು ಸಲ ಹೂವು. ಹಳೆಯ ಗುಲಾಬಿಗಳಲ್ಲಿ ಪರಿಮಳ ಇತ್ತು, ತುಂಬಿದ ಎಸಳಿತ್ತು, ಆದರೆ ಬಹುಪಾಲು ವರ್ಷಕ್ಕೆ ಒಂದೇ ಸಲ ಅರಳುವಂಥವು. ಎರಡನ್ನೂ ಒಂದೇ ಗಿಡದಲ್ಲಿ ತರಬೇಕೆಂದು ಅವರು ಹಟ ಹಿಡಿದರು. ಇಂಗ್ಲಿಷ್ ರೋಸ್ ಎಂದು ಹೆಸರಾದದ್ದು ಹೀಗೆ ಅವರು ಮಾಡಿದ ಗಿಡಗಳೇ. 1961ರಲ್ಲಿ ಬಂದದ್ದು ‘ಕಾನ್‌ಸ್ಟನ್ಸ್ ಸ್ಪ್ರೈ’. ‘ಬೆಲ್ ಇಸಿಸ್’ ಎಂಬ ಹಳೆಯ ಗುಲಾಬಿಗೂ ‘ಡೇಂಟಿ ಮೇಡ್’ ಎಂಬ ಹೊಸದಕ್ಕೂ ಹುಟ್ಟಿದ್ದು. ಪರಿಮಳ ಬಂತು, ರೂಪ ಬಂತು, ಆದರೆ ಅದೂ ವರ್ಷಕ್ಕೊಮ್ಮೆಯೇ ಅರಳಿತು. ಮತ್ತೆ ಮತ್ತೆ ಅಡ್ಡ ಹಾಯಿಸಿ, 1983ರಲ್ಲಿ ಲಂಡನ್ನಿನ ಚೆಲ್ಸಿ ಹೂವಿನ ಪ್ರದರ್ಶನದಲ್ಲಿ ಹಳದಿ ‘ಗ್ರಹಾಂ ಥಾಮಸ್’ ಇಟ್ಟ ಮೇಲೆ ಜನ ತಿರುಗಿ ನೋಡಿದರು. 2009ರಲ್ಲಿ ಆ ಗಿಡಕ್ಕೆ ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ಗೌರವ ಸಿಕ್ಕಿತು. 2018ರಲ್ಲಿ ಆಸ್ಟಿನ್ ತೀರಿಕೊಂಡಾಗ ಅವರಿಗೆ 92 ವರ್ಷ.

ಇಷ್ಟೆಲ್ಲ ಓದಿದ ಮೇಲೂ ನಾನು ಒಂದು ಸಣ್ಣ ವಿಷಯ ಯೋಚಿಸಲಿಲ್ಲ. ಕ್ಯಾಟಲಾಗಿನಲ್ಲಿ ‘ಗಾಢ ಪರಿಮಳ’ ಎಂದು ಬರೆದವರ ಮೂಗು ಎಲ್ಲಿತ್ತು? ಇಂಗ್ಲೆಂಡಿನಲ್ಲಿ ಆಸ್ಟಿನ್ ಅವರ ಊರಾದ ಶ್ರಾಪ್‌ಶೈರಿನಲ್ಲಿ, ಜೂನ್ ತಿಂಗಳ ತಂಪು ಬೆಳಿಗ್ಗೆಯಲ್ಲಿ. ಅಲ್ಲಿ ಗುಲಾಬಿಯ ಸುಗ್ಗಿ ಶುರುವಾಗುವುದೇ ಜೂನಿನಲ್ಲಿ. ನಮ್ಮ ಜೂನ್ ಹೇಗಿರ್ತದೆ ಎಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಒಣಗಿಸಿದ ಬಟ್ಟೆಯೇ ಬೂಸಲು ವಾಸನೆ ಹೊಡೆಯುವ ತಿಂಗಳು.

ಅಮ್ಮ, ಬಾಯಿ, ಮತ್ತು ಸ್ಟೀಲಿನ ಚೊಂಬು

ಎರಡನೇ ಸುತ್ತಿನಲ್ಲಿ ನಾನು ಹುಷಾರಾಗಿದ್ದೆ. ಬೆಂಗಳೂರಿನಲ್ಲಿ ಗುಲಾಬಿ ಬೆಳೆಸುವ ಗೆಳೆಯನೊಬ್ಬನ ಮೂಲಕ ಹೆಸರು ಖಾತ್ರಿಯಿದ್ದ ಗಿಡಗಳನ್ನೇ ತರಿಸಿದೆ: ‘ಗರ್ಟ್ರೂಡ್ ಜೀಕಲ್’, ‘ಜೂಡ್ ದಿ ಅಬ್ಸ್‌ಕ್ಯೂರ್’, ‘ಸೆಪ್ಟರ್ಡ್ ಐಲ್’, ‘ಅಬ್ರಹಾಂ ಡಾರ್ಬಿ’. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಸವರಿದೆ. ಸವರಿದ ಸುಮಾರು 45 ದಿನಕ್ಕೆ ಹೂವು ಎನ್ನುವುದು ಲೆಕ್ಕ. ಮೊದಲ ಹೂಗಳು ಡಿಸೆಂಬರಿನಲ್ಲಿ ಹೋದವು, ಜನವರಿಯಲ್ಲಿ ನಾಲ್ಕೂ ಗಿಡ ಒಟ್ಟಿಗೆ ಅರಳಿದವು. ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ಒಂದೊಂದು ಹೂ ಕತ್ತರಿಸಿ, ನೀರು ತುಂಬಿದ ಸ್ಟೀಲಿನ ಚೊಂಬಿನಲ್ಲಿಟ್ಟು ಕೆಳಗೆ ತಂದೆ. ಅಮ್ಮ ಜಗಲಿಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದರು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಬಾಯಿ (ಕ್ರೈಸ್ತ ಹೆಂಗಸರನ್ನು ನಮ್ಮಲ್ಲಿ ಹೀಗೆ ಕರೆಯುವುದು) ‘ಎಂತ ಮಗಾ ಅದು, ತೋರಿಸು’ ಎಂದು ಗೇಟು ತೆಗೆದುಕೊಂಡು ಬಂದರು. ಎಪ್ಪತ್ತು ದಾಟಿದ ಹೆಂಗಸು, ನಾನು ಹುಟ್ಟುವ ಮೊದಲಿಂದ ನಮ್ಮ ನೆರೆಯವರು.

ನಾನು ಯಾವುದರ ಹೆಸರೂ ಹೇಳಲಿಲ್ಲ. ಒಂದೊಂದೇ ಕೈಗೆ ಕೊಟ್ಟೆ. ಕ್ಯಾಟಲಾಗಿನವರು ಗುಲಾಬಿಯ ಪರಿಮಳವನ್ನು ಹಳೆ ಗುಲಾಬಿ, ಚಹಾ, ಹಣ್ಣು, ಕಸ್ತೂರಿ, ಮಿರ್ ಎಂದು ಐದು ಬಗೆ ಮಾಡಿದ್ದಾರೆ. ಮಿರ್ ಅಂದರೆ ಒಂದು ಬಗೆಯ ಪರಿಮಳದ ಮರದ ಅಂಟು ಎಂದು ನನಗೆ ಓದಿ ತಿಳಿದಿತ್ತೇ ಹೊರತು ಮೂಗಿಗೆ ತಿಳಿದಿರಲಿಲ್ಲ. ಅಮ್ಮ ಸೆಪ್ಟರ್ಡ್ ಐಲ್ ಮೂಸಿ, ಕಣ್ಣು ಮುಚ್ಚಿ, ‘ಇದು ಹೋಟೆಲಿನ ಬಿಲ್ಲಿನ ತಟ್ಟೆ’ ಅಂದರು. ನನಗೆ ಅರ್ಥವಾಗಲಿಲ್ಲ. ‘ಸೋಂಪು ಮಾರಾಯ, ಸೋಂಪು. ಬಿಲ್ಲಿನೊಟ್ಟಿಗೆ ತಂದಿಡ್ತಾರಲ್ಲ.’ ಮಿರ್ ಪರಿಮಳಕ್ಕೆ ಸೋಂಪಿನ ಛಾಯೆ ಇದೆ ಎಂದು ಗುಲಾಬಿ ಪಂಡಿತರು ಪುಟಗಟ್ಟಲೆ ಬರೆಯುತ್ತಾರೆ. ಅಮ್ಮನಿಗೆ ಒಂದು ಉಸಿರು ಸಾಕಾಯಿತು. ಜೂಡ್ ಕೊಟ್ಟಾಗ ಇಬ್ಬರೂ ಒಟ್ಟಿಗೆ ‘ಪೇರಳೆ’ ಅಂದರು. ಅದನ್ನು ಬೆಳೆಸಿದವರೂ ಪೇರಳೆ ಎಂದೇ ಬರೆದಿದ್ದಾರೆ. ಅಬ್ರಹಾಂ ಡಾರ್ಬಿಗೆ ಅಮ್ಮ ‘ಎಂತದೋ ಹಣ್ಣು, ಸ್ವಲ್ಪ ಹೆಚ್ಚು ಹಣ್ಣಾದದ್ದು’ ಅಂದರು. ಬಾಯಿಗೆ ಅದು ಅಷ್ಟು ಹಿಡಿಸಲಿಲ್ಲ.

ಕೊನೆಗೆ ಗರ್ಟ್ರೂಡ್ ಜೀಕಲ್. ದಟ್ಟ ಗುಲಾಬಿ ಬಣ್ಣ, ಕ್ಯಾಟಲಾಗಿನಲ್ಲಿ ‘ಹಳೆ ಗುಲಾಬಿ’ ಪರಿಮಳಕ್ಕೆ ಮಾದರಿ ಎಂದು ಕೊಡುವ ಗಿಡ. ನಾಲ್ಕರಲ್ಲಿ ನನಗೆ ಅತಿ ಜಂಬ ಇದ್ದದ್ದು ಇದರ ಮೇಲೆಯೇ. ಬಾಯಿ ಮೂಸಿದರು. ನನ್ನ ಮುಖ ನೋಡಿದರು. ‘ಇದು ನಮ್ಮ ಬಾವಿಕಟ್ಟೆಯದ್ದೇ ಅಲ್ವಾ ಮಗಾ? ಇದನ್ನು ಬೆಂಗಳೂರಿಂದ ಯಾಕೆ ತರಿಸಿದ್ದು?’ ಎಂದು ಕೇಳಿದರು. ಕೇಳಿ ಸುಮ್ಮನಾಗಲಿಲ್ಲ. ಮನೆಗೆ ಹೋಗಿ ಬಾವಿಕಟ್ಟೆಯ ಪಕ್ಕದ ಗಿಡದಿಂದ ಎರಡು ಹೂ ಕಿತ್ತು ತಂದರು. ಎಸಳು ಕಡಿಮೆ, ಆಕಾರ ಸಡಿಲ, ತರುವಷ್ಟರಲ್ಲಿ ಮೂರು ಎಸಳು ದಾರಿಯಲ್ಲಿ ಬಿದ್ದಿತ್ತು. ಚೊಂಬಿನ ಪಕ್ಕ ಇಟ್ಟರೆ ಮದುವೆ ಮನೆಗೆ ನೈಟಿಯಲ್ಲಿ ಬಂದ ಹಾಗೆ. ಆದರೆ ಕಣ್ಣು ಮುಚ್ಚಿ ಒಂದಾದ ಮೇಲೊಂದು ಮೂಸಿದರೆ, ನಿಜ, ಒಂದೇ ಮನೆತನದ ಪರಿಮಳ. ಗರ್ಟ್ರೂಡ್‌ನಲ್ಲಿ ಸ್ವಲ್ಪ ಆಳ ಜಾಸ್ತಿ. ಇಷ್ಟನ್ನು ನಾನು ಅಭಿಮಾನಕ್ಕೆ ಹೇಳುತ್ತಿಲ್ಲ.

ಹನ್ನೊಂದು ಗಂಟೆಗೆ ಅದೇ ಚೊಂಬನ್ನು ಮತ್ತೆ ಮೂಸಿದೆ. ಪೇರಳೆ ಹೋಗಿತ್ತು. ಸೋಂಪು ಹುಡುಕಿದರೆ ಸಿಗುವಷ್ಟಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಗರ್ಟ್ರೂಡ್ ಒಂದನ್ನು ಬಿಟ್ಟು ಉಳಿದವೆಲ್ಲ ಬರೀ ಹೂವು. ಆ ದಿನ ಮಧ್ಯಾಹ್ನ 33 ಡಿಗ್ರಿ ಇತ್ತು. ಚಿಕ್ಕಮ್ಮನನ್ನು ನಾನು ಟೆರೇಸಿಗೆ ಹತ್ತಿಸಿದ್ದು ಮಧ್ಯಾಹ್ನ ಮೂರಕ್ಕೆ ಎಂದು ಆಗ ನೆನಪಾಯಿತು. ಬೇರೆ ಗಿಡವಾಗಿದ್ದರೂ ಅವರಿಗೆ ‘ಚಂದ ಉಂಟು’ ಅನ್ನುವುದೇ ಗತಿಯಾಗುತ್ತಿತ್ತೋ ಏನೋ.

ಮಲ್ಲಿಗೆ ಬರುತ್ತದೆ, ಗುಲಾಬಿಯ ಹತ್ತಿರ ಹೋಗಬೇಕು

ನಮ್ಮ ಕರಾವಳಿಯವರ ಮೂಗು ಮಲ್ಲಿಗೆಗೆ ಪಳಗಿದ್ದು. ಶಂಕರಪುರದ ಮಲ್ಲಿಗೆ ಕಟ್ಟು ಬಸ್ಸಿಗೆ ಹತ್ತಿದರೆ ಡ್ರೈವರಿನಿಂದ ಹಿಡಿದು ಹಿಂದಿನ ಸೀಟಿನವರೆಗೆ ಎಲ್ಲರಿಗೂ ಗೊತ್ತಾಗುತ್ತದೆ. ಮೊಗ್ಗನ್ನು ಬೆಳಿಗ್ಗೆ ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ, ಸಂಜೆ ಮುಡಿಯಲ್ಲಿ ಅರಳುತ್ತದೆ, ರಾತ್ರಿಯಿಡೀ ಮನೆ ತುಂಬಾ ಇರುತ್ತದೆ. ಅದಕ್ಕೆ ನಾವು ಏನೂ ಮಾಡಬೇಕಾಗಿಲ್ಲ. ಅದೇ ಹುಡುಕಿಕೊಂಡು ಬರುತ್ತದೆ. ಗುಲಾಬಿಯ ಲೆಕ್ಕ ಬೇರೆ. ಮಲ್ಲಿಗೆ ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯುವ ಹೂವು, ಗುಲಾಬಿ ಹಗಲಿನ ಜೇನ್ನೊಣಗಳದ್ದು. ಗುಲಾಬಿಯ ಎಣ್ಣೆ ಎಸಳಿನ ಮೇಲ್ಪದರದಲ್ಲಿ ಆಗುತ್ತದೆ. ತಂಪಿದ್ದರೆ ಅಲ್ಲೇ ಕೂತಿರುತ್ತದೆ, ಬಿಸಿಲು ಏರಿದರೆ ಹಾರಿಹೋಗುತ್ತದೆ. ಎಳೆ ಬಿಸಿಲು ಬೀಳುವ ಹೊತ್ತು, ಅಂದರೆ ಏಳರಿಂದ ಒಂಬತ್ತು, ನಾವು ಹೋಗಿ ಬಾಗಿದರೆ ಸಿಗುತ್ತದೆ. ಆಫೀಸಿಗೆ ಹೊರಡುವ ಗಡಿಬಿಡಿಯ ಎರಡು ಗಂಟೆ ಅದು. ಗುಲಾಬಿಯಲ್ಲಿ ಪರಿಮಳವೇ ಇಲ್ಲ ಎಂದು ದೂರುವವರು ಎಷ್ಟು ಗಂಟೆಗೆ ಏಳುತ್ತಾರೆ ಎಂದು ಒಮ್ಮೆ ಕೇಳಬೇಕು. (ನನ್ನ ತಮ್ಮ ಇದನ್ನು ಓದುತ್ತಿದ್ದರೆ, ಹೌದು, ನಿನಗೇ.)

ಇನ್ನೊಂದು ಸ್ವಾರಸ್ಯದ ವಿಷಯ. ಎಲ್ಲ ಗಿಡಕ್ಕೂ ಪರಿಮಳ ಮಾಡುವ ದಾರಿ ಒಂದೇ ಎಂದು ಬಹಳ ಕಾಲ ಅಂದುಕೊಂಡಿದ್ದರಂತೆ. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಗುಲಾಬಿ ಬೇರೆಯೇ ದಾರಿ ಹಿಡಿದಿದೆ ಎಂದು ತೋರಿಸಿದರು. ಪರಿಮಳಕ್ಕೆ ಹೆಸರಾದ ಕಡುಕೆಂಪು ‘ಪಾಪಾ ಮೆಯಾಂ’ ಮತ್ತು ಪರಿಮಳವಿಲ್ಲದ ‘ರೂಜ್ ಮೆಯಾಂ’ ಎರಡನ್ನೂ ಪಕ್ಕಪಕ್ಕ ಇಟ್ಟು ಹುಡುಕಿದರು. ಸಿಕ್ಕಿದ ಕಿಣ್ವ, ಬೇರೆ ಜೀವಿಗಳಲ್ಲಿ ಜೀವಕೋಶದ ಕಸ ಗುಡಿಸುವ ಕೆಲಸ ಮಾಡುವ ಕುಟುಂಬಕ್ಕೆ ಸೇರಿದ್ದು. ಗುಲಾಬಿಯಲ್ಲಿ ಅದೇ ಜೆರಾನಿಯಾಲ್ ಎಂಬ ಪರಿಮಳಕ್ಕೆ ದಾರಿ ಮಾಡಿಕೊಡುತ್ತದೆ. ಅಂದರೆ ಗಿಡಕ್ಕೆ ಅದು ಇದ್ದರೆ ಉಂಟು, ಕೆಲಸ ಮಾಡದಿದ್ದರೆ ಇಲ್ಲ. ಈಡನ್ನಿಗೆ ನಾನು ಒಂದು ವರ್ಷ ಬೇರೆ ಬೇರೆ ಗೊಬ್ಬರ ಹಾಕಿ ಪರಿಮಳ ಬರುತ್ತದೋ ಎಂದು ಕಾದದ್ದು ಎಷ್ಟು ದಡ್ಡತನ ಎಂದು ಆಗ ತಿಳಿಯಿತು.

ಮಳೆ

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ, ಹೆಚ್ಚಿನದ್ದು ನಾಲ್ಕು ತಿಂಗಳಲ್ಲಿ. ಗುಲಾಬಿ ಎಲೆಗೆ ಕಪ್ಪು ಚುಕ್ಕೆ ರೋಗ ಹತ್ತಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಸಾಕು ಎನ್ನುತ್ತಾರೆ. ಇಂಗ್ಲೆಂಡಿನ ಪುಸ್ತಕದಲ್ಲಿ ಇದನ್ನು ಎಚ್ಚರಿಕೆ ಎಂದು ಬರೆದಿದ್ದಾರೆ. ಆಟಿ ತಿಂಗಳ ಜಡಿಮಳೆಯಲ್ಲಿ ನಮ್ಮ ಎಲೆಗಳು ಏಳು ದಿನ ಒದ್ದೆ ಇರುತ್ತವೆ ಮಾರಾಯ್ರೇ. ಮೊದಲ ವರ್ಷ ಜೂನ್ ಇಪ್ಪತ್ತಕ್ಕೆ ಚುಕ್ಕೆ ಕಂಡಿತು, ಜುಲೈ ಹತ್ತಕ್ಕೆ ನಾಲ್ಕು ಗಿಡದಲ್ಲೂ ಒಂದು ಎಲೆ ಇರಲಿಲ್ಲ. ಮೊಗ್ಗು ಬಂದರೂ ಅರಳುವುದಿಲ್ಲ. ನೂರಕ್ಕೂ ಮೇಲೆ ಎಸಳಿರುವ ಹೂವು ನೋಡಿ, ಹೊರಗಿನ ಎಸಳು ಒದ್ದೆಯಾಗಿ ಒಂದಕ್ಕೊಂದು ಅಂಟಿ, ಒಣಗಿ, ಕಾಗದ ಸುತ್ತಿದ ಹಾಗಾಗುತ್ತದೆ. ಒಳಗಿನ ಹೂವಿಗೆ ಹೊರಗೆ ಬರಲು ದಾರಿಯಿಲ್ಲ. ಒಂದನ್ನು ಉಗುರಿನಿಂದ ಬಿಡಿಸಿ ನೋಡಿದೆ. ಹೊರಗೆ ಕಂದು, ಕೊಳೆತ ಬಾಳೆಎಲೆಯ ಜಿಗುಟು. ನಾಲ್ಕು ಪದರ ತೆಗೆದ ಮೇಲೆ ಒಳಗೆ ಅಚ್ಚ ಗುಲಾಬಿ ಬಣ್ಣದ, ಬೆರಳ ತುದಿಯಷ್ಟು ಹೂವು, ಪರಿಮಳ ಸಮೇತ. ಅಲ್ಲೇ ಮುಗಿದು ಹೋಗುವಂಥದ್ದು. ಅವತ್ತು ಬೇಜಾರಾದಷ್ಟು ಗಿಡ ಸತ್ತಾಗಲೂ ಆಗಲಿಲ್ಲ.

ಪುತ್ತೂರಿನಲ್ಲಿ ಅಡಿಕೆ ತೋಟ ಇರುವ ಮಾವನಿಗೆ ಫೋನ್ ಮಾಡಿದೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಬಿಡು ಅಂದರು. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅಡಿಕೆಯವರಿಗೆ ಇದು ಮಗ್ಗಿಯ ಹಾಗೆ ಬಾಯಿಪಾಠ. ನಾನು ಬಕೆಟಿನ ಲೆಕ್ಕಕ್ಕೆ ಇಳಿಸಿ, ಮಳೆ ಬಿಟ್ಟ ಒಂದು ಮಧ್ಯಾಹ್ನ ಬಿಟ್ಟೆ. ಬಲಿತ ಎಲೆ ತಾಳಿಕೊಂಡಿತು. ಎಳೆ ಎಲೆ ಸುಟ್ಟ ಹಾಗಾಯಿತು. ತಂಪು, ತೇವ ಇರುವಾಗ ತಾಮ್ರ ಗುಲಾಬಿಯ ಚಿಗುರಿಗೆ ಆಗುವುದಿಲ್ಲ. ಮಾವನಿಗೆ ಹೇಳಿದರೆ ‘ಅಡಿಕೆ ಹಾಕು, ತೊಂದರೆಯೇ ಇಲ್ಲ’ ಎಂದು ನಕ್ಕರು. ಮುಂದಿನ ವರ್ಷ ಮದ್ದಿನ ಆಸೆ ಬಿಟ್ಟು ಟೆರೇಸಿನ ಒಂದು ಮೂಲೆಗೆ ಪಾರದರ್ಶಕ ಶೀಟ್ ಹೊದಿಸಿದೆ. ಬದಿಗಳನ್ನು ತೆರೆದೇ ಇಟ್ಟೆ, ಗಾಳಿ ಆಡಬೇಕಲ್ಲ. ಮೇ ಕೊನೆಗೆ ಚಟ್ಟಿಗಳನ್ನು ಅದರಡಿ ಸರಿಸುವುದು, ಅಕ್ಟೋಬರಿನಲ್ಲಿ ಹೊರಗೆ ತರುವುದು. ಬಿದ್ದ ಎಲೆಯನ್ನು ದಿನಾ ಹೆಕ್ಕುವುದು. ಮಳೆಗಾಲದಲ್ಲಿ ಹೂವಿನ ಆಸೆ ಇಟ್ಟುಕೊಳ್ಳದೆ ಮೊಗ್ಗು ಚಿವುಟಿ ಎಲೆ ಉಳಿಸುವುದು. ಇಷ್ಟೇ ಮಾಡಿದ್ದಕ್ಕೆ ಅರ್ಧ ಎಲೆ ಉಳಿಯಿತು. ನನಗೆ ಅದು ದೊಡ್ಡ ಗೆಲುವು.

ಮಣ್ಣಿನ ಬಗ್ಗೆ ಬಹಳ ಹೇಳುವುದಿಲ್ಲ. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಹುಳಿ ಸ್ವಭಾವದ್ದು, ಗುಲಾಬಿಗೆ ಅಷ್ಟು ಹುಳಿ ಬೇಡ. ವರ್ಷಕ್ಕೊಮ್ಮೆ ಒಂದು ಹಿಡಿ ಸುಣ್ಣ ಬೇಕು. ಚಟ್ಟಿಯ ಅಡಿಗೆ ಒಡೆದ ಹಂಚಿನ ಚೂರು ಹಾಕುತ್ತೇನೆ, ಮಂಗಳೂರಿನಲ್ಲಿ ಅದಕ್ಕೆ ಬರವಿಲ್ಲ. ತೆಂಗಿನ ನಾರಿನ ಪುಡಿ ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಸುತ್ತದೆ, ಹಾಗಾಗಿ ಆದಷ್ಟು ಕಡಿಮೆ. ನಿಜವಾಗಿ ಕೆಲಸ ಮಾಡಿದ್ದು ಸುಡುಮಣ್ಣು. ತರಗೆಲೆ, ಕಡ್ಡಿ, ಸೊಪ್ಪಿನ ಮೇಲೆ ಮಣ್ಣು ಮುಚ್ಚಿ, ಮತ್ತೆ ಎಲೆ, ಮತ್ತೆ ಮಣ್ಣು, ಬುಡಕ್ಕೆ ಬೆಂಕಿ ಕೊಟ್ಟು ದಿನಗಟ್ಟಲೆ ಹೊಗೆಯಾಡಲು ಬಿಡುವುದು. ನಮ್ಮ ಗಲ್ಲಿಯಲ್ಲಿ ಈಗ ಹೊಗೆ ಹಾಕಿದರೆ ಜಗಳವಾಗುತ್ತದೆ. ಚಿಕ್ಕಮ್ಮನ ಮನೆಯಿಂದ ವರ್ಷಕ್ಕೊಂದು ಗೋಣಿ ತರುತ್ತೇನೆ. ಅವರು ಅದನ್ನು ಮಲ್ಲಿಗೆಗೆ ಮಾಡುವುದು, ನನಗೆ ಕೊಡುವಾಗ ಪ್ರತಿ ಸಲ ‘ಪರಿಮಳ ಬಂತಾ?’ ಎಂದು ಕೇಳುತ್ತಾರೆ. ನೆಲಗಡಲೆ ಹಿಂಡಿ ನೆನೆಸಿದ ನೀರೂ ಒಳ್ಳೆಯದೇ, ಆದರೆ ಅದನ್ನು ಹಾಕಿದ ದಿನ ಯಾವ ಗುಲಾಬಿಯ ಪರಿಮಳವೂ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಅವಮಾನದ ಕಥೆ ಹೇಳದೆ ಮುಂದೆ ಹೋದರೆ ಅನ್ಯಾಯ. ಎರಡನೇ ಮಳೆಗಾಲದಲ್ಲಿ ಮೂರು ಗಿಡ ಸೊರಗಿದವು, ಸೆಪ್ಟರ್ಡ್ ಐಲ್ ಮಾತ್ರ ಆಗಸ್ಟಿನಲ್ಲಿ ಭರ್ಜರಿ ಚಿಗುರಿತು. ತಿಳಿ ಹಸಿರು ಕಡ್ಡಿ, ಮುಳ್ಳೇ ಇಲ್ಲ, ರೋಗವೂ ಇಲ್ಲ. ಎಂಟು ತಿಂಗಳು ಅದಕ್ಕೆ ಬಾಣಂತಿಯ ಆರೈಕೆ ಮಾಡಿದೆ. ಒಂದು ಹೂವಿಲ್ಲ. ಕೊನೆಗೆ ಗೆಳೆಯನಿಗೆ ಫೋಟೋ ಕಳಿಸಿದರೆ ‘ಚಿಗುರು ಎಲ್ಲಿಂದ ಹೊರಟಿದೆ ನೋಡು’ ಅಂದ. ಮಣ್ಣು ಕೆದರಿ ನೋಡಿದೆ. ಕಸಿ ಕಟ್ಟಿದ ಗಂಟಿನ ಕೆಳಗಿಂದ. ಮೇಲಿನ ಇಂಗ್ಲಿಷ್ ರಾಣಿ ಯಾವಾಗಲೋ ತೀರಿಕೊಂಡು, ನಾನು ಸಾಕಿದ್ದು ಬುಡದ ಕಾಡು ಗುಲಾಬಿಯನ್ನು. ಸೋಂಪು ಹೋಯಿತು ಎಂದು ಅಮ್ಮ ಈಗಲೂ ಹೇಳುತ್ತಾರೆ.

ಬಾವಿಕಟ್ಟೆಯ ಗಿಡ

ಆ ಜನವರಿಯ ಬಾಯಿಯ ಪ್ರಶ್ನೆ ನನ್ನನ್ನು ಓದಲು ಕೂರಿಸಿತು. ನಾವು ಪನ್ನೀರು ಗುಲಾಬಿ, ಊರ ಗುಲಾಬಿ ಎಂದೆಲ್ಲ ಕರೆಯುವುದನ್ನು ತಮಿಳುನಾಡಿನಲ್ಲಿ ಹೊಲಗಟ್ಟಲೆ ಬೆಳೆಯುತ್ತಾರೆ. ಅಲ್ಲಿಯ ಕೃಷಿಯವರು ಅದಕ್ಕೆ ಇಟ್ಟ ಹೆಸರು ‘ಎಡ್ವರ್ಡ್ ರೋಸ್’. ಹೆಸರಿನ ಮೂಲ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ‘ಎದುಆರ್’ ಗುಲಾಬಿ. ಆ ದ್ವೀಪದ ಹಳೆಯ ಹೆಸರು ಬೋರ್ಬನ್. ಅಲ್ಲಿ ಬೇಲಿಗೆ ನೆಟ್ಟಿದ್ದ ಡಮಾಸ್ಕ್ ಗುಲಾಬಿಯೂ ಚೀನಾ ಗುಲಾಬಿಯೂ ತಾವಾಗಿ ಕೂಡಿ ಹುಟ್ಟಿದ್ದು ಅದು. 1817ರ ಸುಮಾರಿಗೆ ಒಬ್ಬ ಫ್ರೆಂಚ್ ಸಸ್ಯತಜ್ಞ ಗಮನಿಸಿ ಬೀಜ ಪ್ಯಾರಿಸಿಗೆ ಕಳಿಸಿದ. ಯೂರೋಪಿನಲ್ಲಿ ಅದರಿಂದ ಬೋರ್ಬನ್ ಎಂಬ ಇಡೀ ಪಂಗಡವೇ ಬೆಳೆಯಿತು. ಗರ್ಟ್ರೂಡ್ ಜೀಕಲ್ ಹುಟ್ಟಿದ್ದು 1986ರಲ್ಲಿ, ‘ಕೌಂಟ್ ದ ಶಾಂಬೋರ್’ ಎಂಬ, ಪೋರ್ಟ್‌ಲ್ಯಾಂಡ್ ಪಂಗಡದ ಹಳೆಯ ಗುಲಾಬಿಯಿಂದ. ಅದರ ಬೇರು ಹುಡುಕಿದರೂ ಅದೇ ಡಮಾಸ್ಕ್ ಅಜ್ಜಿಯ ಹತ್ತಿರ ಹೋಗಿ ನಿಲ್ಲುತ್ತದೆ. ಬಾಯಿಯ ಮೂಗು ಸುಳ್ಳು ಹೇಳಿರಲಿಲ್ಲ.

ಈ ಕಥೆ ಕೇಳಿ ‘ನಮ್ಮ ಊರಿನದ್ದೇ ಮೇಲು’ ಎಂದು ಯಾರಾದರೂ ಹೇಳಲು ಹೊರಟರೆ ನಾನು ಒಪ್ಪುವುದಿಲ್ಲ. ಊರಿನದ್ದು ಎಂದರೆ ಅದೂ ಹಡಗಿನಲ್ಲಿ ಬಂದದ್ದೇ. ಮತ್ತೆ, ಬಾವಿಕಟ್ಟೆಯ ಗುಲಾಬಿಗೆ ರೂಪ ಇಲ್ಲ, ಬೆಳಿಗ್ಗೆ ಅರಳಿದ್ದು ಸಂಜೆಗೆ ಬುಡದಲ್ಲಿ. ಪೇರಳೆಯ ಪರಿಮಳ, ಸೋಂಪಿನ ಪರಿಮಳ ಅದಕ್ಕೆ ಎಲ್ಲಿಂದ ಬರಬೇಕು? ನನಗೆ ಅದೂ ಬೇಕು. ಎಸಳು ಕಡಿಮೆಯಾದ್ದರಿಂದ ಮಳೆಯಲ್ಲೂ ಅರಳುತ್ತದೆ, ಅದು ಅದರ ದೊಡ್ಡ ಗುಣ. ಬಿಸಿ, ತೇವ ಎರಡೂ ತಾಳುವ ಗುಲಾಬಿ ಮಾಡಬೇಕೆಂದು ಕೊಡೈಕೆನಾಲಿನ ಎಂ. ಎಸ್. ವೀರರಾಘವನ್ ಅವರು ದಶಕಗಳ ಕಾಲ ನಮ್ಮ ದೇಶದ್ದೇ ಕಾಡು ಗುಲಾಬಿ ‘ರೋಸಾ ಕ್ಲೈನೋಫಿಲಾ’ ಇಟ್ಟುಕೊಂಡು ದುಡಿದಿದ್ದಾರೆ. ಜೌಗು ನೆಲದಲ್ಲೂ ಬದುಕುವ ಗುಲಾಬಿ ಅದು. ಇಂಥವರು ಮಾಡಿದ ಗಿಡಗಳು ನಮ್ಮ ನರ್ಸರಿಗಳಿಗೆ ಯಾಕೆ ಬರುವುದಿಲ್ಲ, ಡಚ್ ರೋಸ್ ಮಾತ್ರ ಯಾಕೆ ಬರುತ್ತದೆ ಎಂದು ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಈಗ ಯಾರಾದರೂ ‘ಪರಿಮಳದ ಗುಲಾಬಿ ಯಾವುದು ತರಲಿ’ ಎಂದು ಕೇಳಿದರೆ ನಾನು ಹೆಸರು ಹೇಳುವ ಮೊದಲು ಎರಡು ಮಾತು ಹೇಳುತ್ತೇನೆ. ಒಂದು, ಬೆಂಗಳೂರಿನವರ ಮಾತು ನಂಬಬೇಡಿ. ಅವರು ಸುಳ್ಳರೆಂದಲ್ಲ. ಅವರ ಡಿಸೆಂಬರ್ ರಾತ್ರಿ ಹದಿನಾರು ಡಿಗ್ರಿ, ನಮ್ಮದು ಇಪ್ಪತ್ತೊಂದು. ಅದೇ ಗಿಡ ಇಲ್ಲಿ ಚಿಕ್ಕ ಹೂ ಬಿಡುತ್ತದೆ, ಬೇಗ ಉ‌ದುರುತ್ತದೆ. ಕೊಚ್ಚಿಯಲ್ಲೋ ಮುಂಬೈಯಲ್ಲೋ ಬೆಳೆಸಿದವರನ್ನು ಕೇಳಿ. ಎರಡು, ಯಾರದ್ದಾದರೂ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಮೂಸಿ ನೋಡದೆ ದುಡ್ಡು ಕೊಡಬೇಡಿ. ಅದು ಆಗುವುದಿಲ್ಲ ಎಂದಾದರೆ ಅಬ್ರಹಾಂ ಡಾರ್ಬಿಯಿಂದ ಶುರು ಮಾಡಿ, ಸೆಕೆ ತಾಳಿಕೊಳ್ಳುತ್ತದೆ. ಒಂದು ಕಿವಿಮಾತು, ಇಲ್ಲಿ ಇಂಗ್ಲಿಷ್ ಗುಲಾಬಿಗಳು ಪೊದೆಯಾಗುವ ಬದಲು ಆರಡಿ ಉದ್ದದ ಕೈ ಚಾಚುತ್ತವೆ, ತುದಿಯಲ್ಲಿ ಒಂದೇ ಹೂ. ಆ ಕೈಯನ್ನು ಕತ್ತರಿಸಬೇಡಿ. ಬಾಗಿಸಿ, ಅಡ್ಡಕ್ಕೆ ಕಟ್ಟಿ. ಗಂಟುಗಂಟಿನಲ್ಲೂ ಚಿಗುರೊಡೆದು ಹೂ ಬರುತ್ತದೆ. ಮಾರ್ಚಿಗೆ ಮೊಗ್ಗಿನ ತುದಿ ಕಂದಾಗಿ ಮುರುಟಿದರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟ, ಎಲೆಯ ಅಡಿಯಲ್ಲಿ ನವಿರು ಬಲೆ ಕಂಡರೆ ಕೆಂಪು ನುಸಿ. ನುಸಿಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದರೆ ಸಾಕು, ಆದರೆ ಅದೇ ಹೊತ್ತಿಗೆ ತುಂಬೆ ಡ್ಯಾಮಿನಲ್ಲಿ ನೀರು ಇಳಿದು ನಳ್ಳಿ ನೀರಿಗೂ ಕಷ್ಟವಾಗಿರುತ್ತದೆ.

ಬಾಯಿ ಆ ಮನೆಯಲ್ಲಿ ಈಗ ಇಲ್ಲ. ಮೂರು ವರ್ಷದ ಹಿಂದೆ ಮಕ್ಕಳು ಜಾಗ ಬಿಲ್ಡರಿಗೆ ಕೊಟ್ಟರು. ಬಾವಿ ಮುಚ್ಚಿದರು. ಜೆಸಿಬಿ ಬರುವ ಹಿಂದಿನ ಜೂನಿನಲ್ಲಿ, ಮೊದಲ ಮಳೆ ಬಿದ್ದ ವಾರ, ನಾನು ಬಾಯಿಯನ್ನು ಕೇಳದೆ ಆ ಗಿಡದಿಂದ ಆರು ಕಡ್ಡಿ ಕತ್ತರಿಸಿ ತಂದಿದ್ದೆ. ಕೇಳಿದರೆ ಕೊಡದವರಲ್ಲ. ಆದರೆ ಕದ್ದು ತಂದ ಗಿಡ ಚೆನ್ನಾಗಿ ಹಿಡಿಯುತ್ತದೆ ಎಂದು ಹೇಳಿಕೊಟ್ಟವರೇ ಅವರು. ಆರರಲ್ಲಿ ನಾಲ್ಕು ಹಿಡಿಯಿತು. ಕಸಿಯಿಲ್ಲ, ಗಂಟಿಲ್ಲ, ಎಲ್ಲಿಂದ ಚಿಗುರಿದರೂ ಅದೇ ಗಿಡ. ಶೀಟಿನ ಹೊರಗೆ, ಮಳೆಯಲ್ಲೇ ಇಟ್ಟಿದ್ದೇನೆ.

ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಇಲ್ಲಿಯ ಕ್ರೈಸ್ತರು ಆಚರಿಸುವ ಮೇರಿ ಮಾತೆಯ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ಬುಟ್ಟಿಯಲ್ಲಿ ಹೂ ಒಯ್ದು ಮೇರಿ ಮಾತೆಗೆ ಹಾಕುತ್ತಾರೆ. ನಮ್ಮ ಚಿಕ್ಕಂದಿನಲ್ಲಿ ಗಲ್ಲಿಯ ಮಕ್ಕಳೆಲ್ಲ, ಯಾವ ಜಾತಿ ಎಂದು ನೋಡದೆ, ಬಾಯಿಯ ಮೊಮ್ಮಕ್ಕಳಿಗಾಗಿ ಬೇಲಿ ಬೇಲಿ ತಿರುಗಿ ಗೊಂಡೆ, ದಾಸವಾಳ, ಕಂಡದ್ದೆಲ್ಲ ಕೊಯ್ದು ತರುತ್ತಿದ್ದೆವು. ಬಾವಿಕಟ್ಟೆಯ ಗುಲಾಬಿ ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ, ಅದನ್ನು ಅವರೇ ಕೊಯ್ಯಬೇಕು. ಹೋದ ವರ್ಷ ಏಳನೇ ತಾರೀಕು ಸಂಜೆ ಐದನೇ ಮಹಡಿಯ ಫ್ಲಾಟಿನಿಂದ ಫೋನ್ ಬಂತು. ‘ಮಗಾ, ನಿನ್ನಲ್ಲಿ ಹೂ ಉಂಟಾ? ಮರಿಮಗಳಿಗೆ ಬೇಕು. ಇಲ್ಲಿ ಅಂಗಡಿಯದ್ದು ತಂದಿದ್ದಾರೆ, ಅದರಲ್ಲಿ ಎಂತದೂ ಇಲ್ಲ.’

ಬೆಳಿಗ್ಗೆ ಆರೂವರೆಗೆ ಟೆರೇಸಿಗೆ ಹೋದೆ. ಜಿಟಿಜಿಟಿ ಮಳೆ. ಶೀಟಿನ ಅಡಿಯ ಗರ್ಟ್ರೂಡಿನಲ್ಲಿ ಹನ್ನೊಂದು ಎಲೆ, ಹೂವಿಲ್ಲ. ಅಬ್ರಹಾಂ ಡಾರ್ಬಿಯಲ್ಲಿ ಅಂಟಿಕೊಂಡ ಒಂದು ಮೊಗ್ಗು. ಕದ್ದ ಗಿಡಗಳಲ್ಲಿ ಒಂಬತ್ತು ಹೂವಿತ್ತು, ನೀರು ಕುಡಿದು ತಲೆ ಬಾಗಿಸಿದ್ದವು. ಕೊಡವಿ, ಬಾಳೆಎಲೆಯಲ್ಲಿ ಸುತ್ತಿ, ರೇನ್‌ಕೋಟಿನ ಒಳಗಿಟ್ಟುಕೊಂಡು ಸ್ಕೂಟರಿನಲ್ಲಿ ಹೋದೆ. ಬಾಯಿ ಬಾಗಿಲು ತೆಗೆದು, ಬಾಳೆಎಲೆ ಬಿಡಿಸಿ, ಒಂದನ್ನು ಮೂಗಿಗೆ ಹಿಡಿದರು. ಎಲ್ಲಿಯದ್ದೆಂದು ಅವರಿಗೆ ಗೊತ್ತಾಯಿತು, ಕೇಳಲಿಲ್ಲ. ಇನ್ನೊಂದು ಸಲ ಮೂಸಿದರು.

‘ಪರಿಮಳ ಸ್ವಲ್ಪ ಕಡಿಮೆಯಾಗಿದೆ’ ಅಂದರು. ‘ನೀನು ಗೊಬ್ಬರ ಜಾಸ್ತಿ ಹಾಕ್ತಿ.’